ಎರಡು ಗಂಟೆ ಐವತ್ತು ನಿಮಿಷದ ಊರು

ಮಂಗಳವಾರ ಸಂಜೆ ಆರಕ್ಕೆ ಠಾಣೆಗೆ ಬಂದ ಹೆಂಗಸು ಕೂರುವ ಮೊದಲೇ ದೂರು ಹೇಳಿದಳು. ಹಾಸಿಗೆ ಹಿಡಿದ ಅವಳ ಅಪ್ಪನನ್ನು ಕೋಣೆಯಲ್ಲಿ ಬಿಟ್ಟು ಯಾರೋ ಹೊರಗಿನಿಂದ ಚಿಲಕ ಹಾಕಿದ್ದರು; ಮಧ್ಯಾಹ್ನ ನೋಡಲು ಹೋದ ಅವಳೇ ಅದನ್ನು ತೆಗೆದಿದ್ದಳು. ಸೋಮವಾರ ಬೆಳಿಗ್ಗೆಯಿಂದ ತೊಟ್ಟು ನೀರಿಲ್ಲದ ಮುದುಕ ಈಗ ಆಸ್ಪತ್ರೆಯಲ್ಲಿ, ಉಳಿಯುವುದೇ ಅನುಮಾನ. ಅಪ್ಪನನ್ನು ನೋಡಿಕೊಳ್ಳುವ ತಮ್ಮ ಪರವೂರಿಗೆ ಹೋಗಿದ್ದ. ಅವಳಿಗೆ ಆರೈಕೆಯ ಆಯಾಳ ಮೇಲೇ ಗುಮಾನಿ.

ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ ಮನೆಯಲ್ಲಿ ಪಂಚನಾಮೆ ಮಾಡಿಸಿದರು. ಒಂದು ವಸ್ತುವೂ ಕದಲಿರಲಿಲ್ಲ. ಮಗನ ಹಾಸಿಗೆ ಅಪ್ಪನ ಮಂಚಕ್ಕೇ ಅಂಟಿಕೊಂಡಿತ್ತು. ಮುದುಕನಿಗೆ ಗಾಳಿ ಆಗದೆಂದು ಕಿಟಕಿಗೆ ಮೊಳೆ ಹೊಡೆದಿದ್ದರು. ಐದೇ ನಿಮಿಷಕ್ಕೆ ಇನ್ಸ್‌ಪೆಕ್ಟರಿಗೆ ಉಸಿರು ಕಟ್ಟಿತು. ಏಳಲಾರದವನಿಗೆ ಚಿಲಕವೇಕೆ ಎಂಬುದು ಅವರ ತಲೆ ಕೊರೆಯತೊಡಗಿತು.

ಬುಧವಾರ ಬೆಳಿಗ್ಗೆ ಆಯಾ ಠಾಣೆಯ ಬೆಂಚಿನಲ್ಲಿ ಅಳುತ್ತ ಕೂತಿದ್ದಳು. "ಎರಡು ದಿನ ಬರಬೇಡ ಅಂತ ಯಜಮಾನ್ರ ಮಗನೇ ಹೇಳಿದ್ರು ಸಾರ್" ಎಂಬುದೊಂದೇ ಅವಳ ಮಾತು. ಆಗಷ್ಟೇ ಬಂದಿದ್ದ ಮಗ ಅದನ್ನು ಸಾರಾಸಗಟಾಗಿ ಅಲ್ಲಗಳೆದ. ನಲವತ್ತು ದಾಟಿದ, ಮೆತ್ತನೆ ಮಾತಿನ ಆಸಾಮಿ.

"ಎಲ್ಲಿ ಹೋಗಿದ್ರಿ?"

"ದ್ವೀಪದ ಊರಿಗೆ, ಸಂದರ್ಶನಕ್ಕೆ. ಅಕ್ಕ ಫೋನ್ ಮಾಡಿದ ಕೂಡಲೇ ವಿಮಾನ ಹತ್ತಿ ಬಂದೆ."

"ಎಷ್ಟು ಹೊತ್ತಿನ ದಾರಿ?"

"ಸಾವಿರದ ಒಂಬೈನೂರು ಕಿಲೋಮೀಟರು. ಎರಡು ಗಂಟೆ ಐವತ್ತು ನಿಮಿಷ."

"ಮಧ್ಯೆ ಎಲ್ಲೂ ಇಳೀಲಿಲ್ವಾ?"

"ಇಲ್ಲ. ನೇರ."

ಬಾಯಿಪಾಠ ಒಪ್ಪಿಸಿದಂಥ ಉತ್ತರ ಕೇಳಿ ಇನ್ಸ್‌ಪೆಕ್ಟರ ಕಿವಿ ನೆಟ್ಟಗಾಯಿತು. ಹೋಗಿಬಂದವರು ಹಸಿವು, ಕಾಲುನೋವು ಹೇಳುತ್ತಾರೆಯೇ ಹೊರತು ಕಿಲೋಮೀಟರನ್ನಲ್ಲ. ಅವರು ಪೇದೆಗೆ ಸನ್ನೆ ಮಾಡಿದರು. ಯಾವ ಮಾತನ್ನೂ ಎಳೆಯುವ ಅವನಿಗೆ ಠಾಣೆಯಲ್ಲಿ 'ಪುರಾಣ' ಎಂದೇ ಹೆಸರು. ವಿಮಾನ ನಿಲ್ದಾಣಕ್ಕೆ ಫೋನ್ ಮಾಡಿ ಬಂದವನು ಅಂದು ಮಾತ್ರ ಚುಟುಕಾಗಿ ಹೇಳಿದ.

"ಇಲ್ಲಿಂದ ಅಲ್ಲಿಗೆ ವಿಮಾನವೇ ಇಲ್ಲ ಸಾರ್. ಮೂರು ಕಡೆ ಬದಲಿಸಿ ಹೋದ್ರೆ ಮಾರನೇ ದಿನ ಸಂಜೆ."

"ಮತ್ತೆ ಆ ಎರಡು ಗಂಟೆ ಐವತ್ತು?"

"ನಕ್ಷೆ ಮೇಲೆ ನೇರ ಗೆರೆ ಎಳೆದು, ಹಾರಿದ್ರೆ ಇಷ್ಟು ಹೊತ್ತು ಅಂತ ಫೋನು ಹೇಳೋ ಲೆಕ್ಕ."

ಇನ್ಸ್‌ಪೆಕ್ಟರ್ ಕುರ್ಚಿಯನ್ನು ಮಗನ ಹತ್ತಿರ ಎಳೆದುಕೊಂಡರು.

"ಎಲ್ಲಿದ್ರಿ?"

"ನಿಲ್ದಾಣದಲ್ಲೇ. ವಿಮಾನ ಇಲ್ಲ ಅಂದ್ರು, ಅಲ್ಲೇ ಕೂತುಬಿಟ್ಟೆ. ಅಪ್ಪ ಮಲಗಿ ಹತ್ತು ವರ್ಷ ಆಯ್ತು. ದಿನಾ ಫೋನಲ್ಲಿ ಒಂದೊಂದು ಊರಿನ ದೂರ ನೋಡ್ತಿದ್ದೆ. ಹೋಗೋಕೆ ವಿಮಾನ ಇದೆಯಾ ಅಂತ ಯಾವತ್ತೂ ನೋಡಿರಲಿಲ್ಲ."

"ಪಾಪದ ಹೆಂಗಸಿನ ತಲೆಗೆ ಕಟ್ಟಿದ್ರಲ್ಲ."

ಅವನು ಬೆಂಚಿನಲ್ಲಿದ್ದ ಆಯಾಳತ್ತ ಒಮ್ಮೆ ನೋಡಿದ.

"ಅಪ್ಪ ಎದ್ದು ಬರೋರಲ್ಲ. ಚಿಲಕ ಯಾಕೆ ಹಾಕಿದ್ರಿ?"

"ಅಪ್ಪನಿಗಲ್ಲ ಸಾರ್. ನಾನು ವಾಪಸ್ ಒಳಗೆ ಹೋಗಬಾರದು ಅಂತ."

ಹನ್ನೊಂದೂವರೆಗೆ ಅವನ ದಸ್ತಗಿರಿಯಾಯಿತು. ಆಯಾಳನ್ನು ಮನೆಗೆ ಕಳಿಸಿದರು. ಇನ್ಸ್‌ಪೆಕ್ಟರಿಗೆ ಸಿಟ್ಟು ಬರಬೇಕಾದಲ್ಲಿ ಸಂಕಟವೇ ಹೆಚ್ಚಾಗಿ ಬಂತು.

ಮಧ್ಯಾಹ್ನ ಅಕ್ಕ ಆಸ್ಪತ್ರೆಯಿಂದ ಫೋನ್ ಮಾಡಿದಳು. ಪುರಾಣ ಜೋರಾಗಿಯೇ ತಿಳಿಸಿದ: "ಮುದುಕರಿಗೆ ಎಚ್ಚರ ಆಗಿದೆ ಸಾರ್. ಮಗನನ್ನ ಕರೀತಿದ್ದಾರಂತೆ."

ಲಾಕಪ್ಪಿನೊಳಗೆ ಮಲಗಿದ್ದವನು "ಬಂದೆ ಅಪ್ಪ" ಎಂದು ಎದ್ದು ಬಾಗಿಲಿಗೆ ಬಂದ. ಕಂಬಿ ಕೈಗೆ ತಾಗಿದ ಮೇಲೆ ಹಿಂದಿರುಗಿ ಹೋಗಿ ಕೂತ.