ಮನ್ಮಥಪ್ಪನ ಮೃತ್ಯುಪತ್ರ

ಉಯಿಲಿನ ಮೇಲಿನ ಹೆಬ್ಬೆಟ್ಟು ಮನ್ಮಥಪ್ಪನದೇ ಎಂದು ಲಾತೂರಿನ ಬೆರಳಚ್ಚು ಕಚೇರಿಯಿಂದ ವರದಿ ಬಂತು. ಉದಗೀರ ಪೊಲೀಸ್ ಠಾಣೆಯ ಫೌಜದಾರ ಸುಮಂಗಲಾ ಅದನ್ನೋದಿ, ಎದುರಿಗೆ ಕೂತ ಮಯೂರಿಯ ಮುಖ ನೋಡಿದಳು.

"ನಿಮ್ಮ ಅಪ್ಪಂದೇ ಅಂತಾರ್ರಿ."

"ಹಂಗಾದ್ರ ನಾ ಎಲ್ಲಿಗ್ ಹೋಗ್ಲಿ ಮೇಡಮ್?"

ಧಾನ್ಯದ ವ್ಯಾಪಾರಿ ಮನ್ಮಥಪ್ಪ ಲಕ್ವಾ ಹೊಡೆದು, ವರ್ಷವಿಡೀ ಹಾಸಿಗೆ ಹಿಡಿದು ತೀರಿಕೊಂಡಿದ್ದ. ಗಣಾರಾಧನೆಯ ಊಟ ಮುಗಿದ ಮರುದಿನವೇ ದೇವರ ಕೋಣೆಯಲ್ಲಿ ಅವನ ಉಯಿಲು ಸಿಕ್ಕಿತು. ಆ ಕಡೆಯವರು ಅದಕ್ಕೆ ಮೃತ್ಯುಪತ್ರ ಅನ್ನುತ್ತಾರೆ. ಸಾಯುವುದಕ್ಕೆ ಹದಿನೈದು ದಿನ ಮೊದಲಿನ ತಾರೀಖು. ಮನೆ, ಅಂಗಡಿ ಎರಡೂ ಮಗ ರವಿಕಾಂತನಿಗೆ. ಗಂಡನನ್ನು ಬಿಟ್ಟು ಬಂದು ಹಿತ್ತಲ ಕೋಣೆಯಲ್ಲಿ ಬ್ಲೌಸು ಹೊಲಿದುಕೊಂಡಿದ್ದ ಮಗಳು ಮಯೂರಿ 'ಮೂರು ತಿಂಗಳೊಳಗೆ ನಿಲಂಗಾದ ಗಂಡನ ಮನೆಗೆ ಹೋಗತಕ್ಕದ್ದು.' ಉಯಿಲು ಇಲ್ಲದಿದ್ದರೆ ತಾಯಿ, ಮಗ, ಮಗಳು ಮೂವರಿಗೂ ಸಮಪಾಲು. ಇದ್ದರೆ ಮಯೂರಿಗೆ ತಲೆಯ ಮೇಲೆ ಸೂರೂ ಇಲ್ಲ. ಅದಕ್ಕೇ ಉಯಿಲು ಖೋಟಾ ಎಂದು ಅವಳು ದೂರು ಕೊಟ್ಟಿದ್ದಳು.

ವರದಿಯ ಮೊದಲ ಸಾಲು ಓದಿ ಫೈಲು ಮುಚ್ಚುವುದು ನಮ್ಮ ಜನರ ಹಳೇ ಚಾಳಿ. ಸುಮಂಗಲಾ ಕೊನೆಯ ಸಾಲನ್ನೂ ಓದಿದಳು. ಶಾಯಿಯ ಕೆಳಗೆ ಬಿಳಿ ಪುಡಿ ಇದೆ, ಸುಟ್ಟ ಸಗಣಿಯ ಬೂದಿ ಇರಬಹುದು, ಎಂದಿತ್ತು.

"ಬೂದಿ ಅಂದ್ರ ವಿಭೂತಿ. ಅಪ್ಪಗ ದಿನಾ ವಿಭೂತಿ ಹಚ್ಚೋರು ಯಾರು?"

"ನಾನೇ. ಹಣಿಗೆ ಅಷ್ಟ. ಕೈಗೆ ಹಚ್ಚಿದ್ರ ಬಾಯಾಗ ಹಾಕ್ಕೋತಿದ್ರು. ಸಣ್ಣ ಕೂಸಿನಂಗ ಆಗಿದ್ರು."

ಅಷ್ಟು ಹೇಳಿ ಮಯೂರಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

*

ಉಯಿಲು ಬರೆದವನು ಅಂಗಡಿಯ ಆಳು ಅಂಬಾದಾಸ. ಸಾಕ್ಷಿ ಹಾಕಿದವರು ಅವನು ಮತ್ತು ಅವನ ಹೆಂಡತಿ. ಸುಮಂಗಲಾ ಕೇಳಿದ್ದಕ್ಕೆಲ್ಲ ಅವನದು ಒಂದೇ ಉತ್ತರ.

"ಸಾವಕಾರ್ರು ನನ್ನ ಮುಂದೇ ಹೆಬ್ಬೆಟ್ಟು ಒತ್ಯಾರ್ರಿ."

"ಎಲ್ಲಿ?"

"ಹಾಸಿಗಿ ಮ್ಯಾಲೇ."

"ಕೈಗೆ ವಿಭೂತಿ ಇತ್ತೇನು?"

ಅಂಬಾದಾಸ ನೆಲ ನೋಡಿದ. "ಮೂವತ್ತು ವರ್ಷ ಆ ಮನಿ ಅನ್ನ ತಿಂದೀನ್ರಿ. ಈ ವಯಸ್ಸಿನ್ಯಾಗ ಕೆಲಸ ಹೋದ್ರ ನನಗ ಯಾರು ಕೇಳ್ತಾರ?"

*

ಅನುಮಾನವೆಲ್ಲ ರವಿಕಾಂತನ ಮೇಲೆ. ಲಾಭ ಅವನಿಗೇ ತಾನೆ? ಸೊಲ್ಲಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟವನು, ಮಾತೂ ದುಬಾರಿ.

"ಅಪ್ಪ ಕೊಟ್ಟಾರ, ನಾ ತಗೊಂಡೀನಿ. ಅದರಾಗ ಗುನ್ಹೆ ಏನದ?"

"ಅಪ್ಪ ಹೋದ ದಿವಸ ಎಷ್ಟೊತ್ತಿಗೆ ಬಂದ್ರಿ?"

"ಉಮರ್ಗಾ ಹತ್ತಿರ ಲಾರಿ ಅಡ್ಡ ಬಿದ್ದಿತ್ತು. ಬರೋದ್ರಾಗ ಸಮಾಧಿ ಕುಣಿ ಮುಂದ ಒಯ್ದಿದ್ರು. ಮುಖ ಅಷ್ಟ ನೋಡ್ದೆ."

ಸುಮಂಗಲಾ ಉಮರ್ಗಾ ಠಾಣೆಗೆ ಫೋನು ಹಚ್ಚಿದಳು. ಲಾರಿ ಬಿದ್ದದ್ದು ನಿಜ. ರವಿಕಾಂತ ಅಲ್ಲಿ ಪೊಲೀಸರ ಸಂಗಡ ಜಗಳ ತೆಗೆದದ್ದೂ ನಿಜ.

*

ಅಂತ್ಯಕ್ರಿಯೆ ಮಾಡಿಸಿದ ಅಮೃತಪ್ಪ ಅಯ್ಯನವರು ಮಠದ ಕಟ್ಟೆಯ ಮೇಲೆ ಸಿಕ್ಕರು.

"ಮೈ ತೊಳಸಿ, ಗ್ವಾಡಿಗೆ ಆನಿಸಿ ಕುಂಡ್ರಿಸಿದ್ವಿ. ಮೈಗೆ, ಎರಡೂ ಕೈಗೆ ವಿಭೂತಿ ಹಚ್ಚಿ, ಎಡಗೈಯಾಗ ಲಿಂಗ ಇಟ್ಟೆ. ಆಮ್ಯಾಲ ಹೊರಗ ಬಂದು ಕುಂತೆ."

"ತಿರುಗಿ ಹೋದಾಗ ಏನರ ಬದಲಾಗಿತ್ತೇನ್ರಿ?"

ಅಯ್ಯನವರು ಕೊರಳಿನ ಲಿಂಗ ಮುಟ್ಟಿಕೊಂಡರು.

"ಎಡಗೈ ಹಸಿ ಇತ್ತು. ಹೆಬ್ಬೆಟ್ಟಿಗೆ ಹೊಸಾ ವಿಭೂತಿ ಹಚ್ಚಿತ್ತು. ಲಿಂಗ ಮಾತ್ರ ನಾ ಇಟ್ಟಂಗೇ ನೆಟ್ಟಗಿತ್ತು. ಕಡೀ ಪೂಜಿ ಮಾಡಿರಬೇಕು ಅಂತ ಸುಮ್ಮನಾದೆ."

"ಒಳಗ ಯಾರಿದ್ರು?"

"ಗಂಡನ ಮುಂದ ಆಕಿ ಒಬ್ಬಾಕಿ. ಎಲ್ಲಾರೂ ಗಳಿಗಿ ಹೊರಗ ಹೋಗ್ರಿ ಅಂದ್ಲು."

ಹೆಸರು ಹೇಳಬೇಕಾಗಿರಲಿಲ್ಲ. ಸುಮಂಗಲಾಳಿಗೆ ಈ ಕೇಸು ತನ್ನ ಕೈಗೆ ಬರಲೇಬಾರದಿತ್ತು ಅನ್ನಿಸಿತು.

*

ಮನ್ಮಥಪ್ಪನ ಹೆಂಡತಿ ಸರಸ್ವತಿಬಾಯಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ರವಿಕಾಂತ, ಮಯೂರಿ, ಅಂಬಾದಾಸ ಎಲ್ಲರೂ ಅಲ್ಲೇ ಇದ್ದರು.

"ಈ ಹೆಬ್ಬೆಟ್ಟು ಜೀವ ಇದ್ದಾಗಿನದಲ್ಲ," ಎಂದಳು ಸುಮಂಗಲಾ. "ಇದ್ದಾಗ ಕೈಗೆ ವಿಭೂತಿ ಹಚ್ಚೋರು ಯಾರೂ ಇರ್ಲಿಲ್ಲ. ಹಚ್ಚಿದ್ದು ಹೋದ ಮ್ಯಾಲ. ಆಗ ರವಿಕಾಂತ ದಾರ್ಯಾಗಿದ್ದ. ಕಳ್ಳ ಆಗಿದ್ರ ಶಾಯಿ ಒರಸಿ ಓಡ್ತಿದ್ದ. ಇಲ್ಲಿ ಕೈ ತೊಳದು, ತಿರುಗಿ ವಿಭೂತಿ ಹಚ್ಚಿ, ಲಿಂಗ ನೆಟ್ಟಗ ಇಟ್ಟಾರ. ಅಷ್ಟು ಭಕ್ತಿ ಇದ್ದವರು. ಇನ್ನೊಂದು ಮಾತು. ಆಸ್ತಿ ನುಂಗೋನಿಗೆ ತಂಗಿ ಎಲ್ಲಿ ಹೋದ್ರೇನು? ಈ ಕಾಗದ ಬರೆಸಿದವರಿಗೆ ಮಯೂರಿ ಗಂಡನ ಮನಿಗೇ ಹೋಗಬೇಕಿತ್ತು."

ಅಂಬಾದಾಸ ಕುಸಿದು ಕೂತ. "ಬಾಯಾರು ಬರಿ ಅಂದ್ರು, ಬರ್ದೆ. ಸಾವಕಾರ್ರು ಹೋದ ಮುಂಜಾನೀನೇ, ಹಿಂದಿನ ತಾರೀಖು ಹಾಕಿ ಬರ್ದೆ."

ಸರಸ್ವತಿಬಾಯಿ ಮೊರ ಕೆಳಗಿಟ್ಟಳು. ಅಳಲಿಲ್ಲ.

"ಹೌದು, ನಾನೇ. ಪಾಲು ಸಿಕ್ರ ಆಕಿ ಜನ್ಮದಾಗ ತಿರುಗಿ ಹೋಗೋದಿಲ್ಲ. ನಾ ಸತ್ತ ಮ್ಯಾಲ ಗಂಡ ಇಲ್ಲದಾಕಿಗೆ ಯಾರು ಅದಾರ? ಊರ ಬಾಯಿಗೆ ಬೀಳ್ತಾಳ."

"ಅವ್ವಾ," ಮಯೂರಿ ಮುಂದೆ ಬಂದಳು. "ನಾ ಯಾಕ ಬಿಟ್ಟು ಬಂದೆ ಅಂತ ಒಂದು ದಿನಾನೂ ಕೇಳ್ಲಿಲ್ಲಲ್ಲ ನೀ."

ಅವಳು ರವಿಕೆಯ ತೋಳು ಮೇಲಕ್ಕೆ ಸರಿಸಿದಳು. ಮೊಣಕೈಯಿಂದ ಭುಜದವರೆಗೆ ಸುಟ್ಟ ಬರೆಗಳಿದ್ದವು. ರವಿಕಾಂತ ಮುಖ ಹೊರಳಿಸಿದ.

ತಾಯಿ ಮಾತ್ರ ನೆಟ್ಟ ನೋಟದಿಂದ ನೋಡಿದಳು.

"ಗೊತ್ತಿತ್ತು. ನೀ ಬಂದ ದಿನಾನೇ ನೋಡೀನಿ."

"ಗೊತ್ತಿದ್ದೂ ಕಳಸ್ತಿದ್ದೇನವ್ವಾ?"

ಸರಸ್ವತಿಬಾಯಿ ಎದ್ದು ಮಗಳಿಗೆ ಬೆನ್ನು ತಿರುಗಿಸಿ, ಹೆಗಲ ಮೇಲಿನ ಸೀರೆ ಕೆಳಗೆ ಜಾರಿಸಿದಳು. ಐವತ್ತು ವರ್ಷದ ಹಳೇ ಗಾಯಗಳು ಬೆಳ್ಳಗಾಗಿದ್ದವು.

"ನಿಮ್ಮಪ್ಪನ ಕೈಲೇ ಆದವು. ನಾ ಬಾಳ್ವಿ ಮಾಡ್ಲಿಲ್ಲೇನು?"

ಮಯೂರಿ ಆ ಬೆನ್ನಿಗೆ ಹಣೆ ಹಚ್ಚಿ ಗಟ್ಟಿಯಾಗಿ ಅತ್ತಳು. ಸುಮಂಗಲಾ ಜೀಪಿನ ಹತ್ತಿರ ಹೋಗಿ ನಿಂತಳು. ಕಾನೂನಿನಂತೆ ಸರಸ್ವತಿಬಾಯಿಯನ್ನೂ ಅಂಬಾದಾಸನನ್ನೂ ಕರೆದೊಯ್ಯಲೇಬೇಕಿತ್ತು. ಒಳಗಿಂದ ಅಳು ನಿಲ್ಲುವವರೆಗೂ ಅವಳು ಯಾರನ್ನೂ ಕರೆಯಲಿಲ್ಲ.