ಆಸ್ಪತ್ರೆ ಬಾಗಿಲಿನವರೆಗೆ ಡಾಂಬರು

"ರೋಲರ್ ನಿಲ್ಲಸ್ರೀ!"

ಬಿಳಿ ಸೀರೆಯ ಸೆರಗು ಸೊಂಟಕ್ಕೆ ಬಿಗಿದು ಗಾಳೆಮ್ಮ ರಸ್ತೆಯ ನಡುವೆ ನಿಂತೇಬಿಟ್ಟಳು. ಡ್ರೈವರ್ ಜಿಲಾನಿಸಾಬ್ ಗಾಬರಿಯಿಂದ ರೋಲರ್ ನಿಲ್ಲಿಸಿದ.

ಮಸ್ಕಿಯ ಹೆರಿಗೆ ಆಸ್ಪತ್ರೆಗೆ ಅವಳೇ ನರ್ಸ್. ಸಂತೆಕಲ್ಲೂರಿನ ಕೂಲಿಕಾರನ ಮಗಳು, ಆ ಮನೆಗೆ ಸರಕಾರಿ ಸಂಬಳ ತಂದ ಮೊದಲಿಗಳು. ಕಾಲುವೆ ನೀರು ಬಂದು, ಭತ್ತದ ಲಾರಿಗಳು ಹೆಚ್ಚಾಗಿ, ಸಿಂಧನೂರು ರಸ್ತೆಗೆ ಈಗ ಡಾಂಬರು ಬೀಳುತ್ತಿತ್ತು. ಆಸ್ಪತ್ರೆಗೆ ತಿರುಗುವ ದಾರಿ ಮಾತ್ರ ಅದೇ ಎರೆಮಣ್ಣು!

"ಯಾಕ್ರಿ ನರ್ಸಬಾಯಾರ, ಏನಾತು?" ಹೊಸ ಓವರ್ಸಿಯರ್ ಯಮನೂರಪ್ಪ ಓಡಿ ಬಂದ. ಸಾಲಗುಂದದ ರೈತರ ಮಗ. ಎತ್ತರದ ಆಳು, ಬಿಸಿಲಿಗೆ ಕೆಂಪಾದ ನಗುಮುಖ.

"ಭತ್ತಕ್ಕ ಡಾಂಬರು, ಬಸುರಿ ಹೆಂಗಸಿಗೆ ಕೆಸರೇನ್ರಿ? ಹೋದ ಮಳಿಗಾಲದಾಗ ಬಂಡಿ ಹುಗಿದು, ಇದೇ ದಾರ್‍ಯಾಗ ಒಬ್ಬಾಕಿ ಹಡೆದಳು. ಕೂಸು ಉಳೀಲಿಲ್ಲ..."

ಅವನ ಮುಖದ ನಗು ಮಾಯವಾಯಿತು.

"ಅಂದಾಜುಪಟ್ಟ್ಯಾಗ ಈ ದಾರಿ ಇಲ್ರಿ," ಎಂದ ಮೆಲ್ಲಗೆ.

"ಇಲ್ಲಂದ್ರ ಸೇರಸ್ರಿ!"

ಎಂಥಾ ಧೈರ್ಯ ಈ ಹೆಣ್ಣಿಗೆ... ಅವನು ಅವಳನ್ನೇ ನೋಡುತ್ತ ನಿಂತ. ಆಮೇಲೆ ಜೇಬಿನಿಂದ ಅಳತೆಪಟ್ಟಿ ತೆಗೆದ.

"ಹಿಡೀರಿ ಹಂಗಾರ, ಆ ತುದಿ."

ಇಬ್ಬರೂ ಆಸ್ಪತ್ರೆಯ ಬಾಗಿಲಿನವರೆಗೆ ಅಳೆದರು. ಬಗ್ಗಿ ಎದ್ದಾಗಲೆಲ್ಲ ಕಣ್ಣಿಗೆ ಕಣ್ಣು ಸಿಗುತ್ತಿತ್ತು.

"ಎಷ್ಟು ಡಾಂಬರು ಬೇಕಂತ ಹೆಂಗ ತಿಳೀತೈತ್ರಿ?"

"ಉದ್ದಕ್ಕ ಅಗಲ ಗುಣಿಸಬೇಕ್ರಿ. ಬರೋ ಜಾಗಕ್ಕ ಎಷ್ಟು ದಪ್ಪ ಹಾಸತೀವಿ ಅಂತ ನೋಡಬೇಕು. ಅಷ್ಟು ಜಲ್ಲಿ ಎಷ್ಟು ಡಾಂಬರು ಕುಡೀತೈತೋ ಅದರ ತೂಕ ಹಿಡೀಬೇಕು. ಪೋಲಾಗೋದಕ್ಕ ಮ್ಯಾಲ ಒಂದೀಟು."

"ಮಳಿ ನೀರು ನಿಂದ್ರೋ ಕಡಿಗೆ?"

ಅವನು ಮೆಚ್ಚಿ ತಲೆಯಾಡಿಸಿದ. "ಬರೇ ಡಾಂಬರಿಗೆ ನಿಲ್ಲಂಗಿಲ್ರಿ ಅದು. ಮೊದಲ ಗಟ್ಟಿ ಮರಂ ಮಣ್ಣು ಹಾಕಿ ಎತ್ತರಿಸಬೇಕು. ನೀವು ನಮ್ಮ ಆಫೀಸಿನ್ಯಾಗ ಇರಬೇಕಿತ್ತು ನೋಡ್ರಿ!"

ಅವಳ ಕೆನ್ನೆ ಬಿಸಿಯಾಯಿತು. ಬಿಸಿಲಿಗಿರಬೇಕು ಎಂದುಕೊಂಡಳು!

ಅಂದಾಜಿಗೆ ಮಂಜೂರಾತಿ ಸಿಕ್ಕಿತು. ಡಾಂಬರಿನ ಪೀಪಾಯಿಗಳು ಬಂದು ಆಸ್ಪತ್ರೆಯ ಮುಂದೆ ಸಾಲಾಗಿ ನಿಂತವು. ಯಮನೂರಪ್ಪ ದಿನಾ ಅವನ್ನು ನೋಡುವ ನೆವದಲ್ಲಿ ಬರುತ್ತಿದ್ದ. ಅವಳು ಕಿಟಕಿ ಒರೆಸುವ ನೆವದಲ್ಲಿ ಕಾಯುತ್ತಿದ್ದಳು. "ಒರೆಸಿ ಒರೆಸಿ ಕಿಟಕಿ ಸವದಾವು," ಎಂದು ಆಯಾ ಮಾಸುಂಬಿ ನಗುತ್ತಿದ್ದಳು.

ಒಂದು ಮಧ್ಯಾಹ್ನ ಗಾಳೆಮ್ಮ ಹೊರಗೆ ಬಂದರೆ ಪೀಪಾಯಿಗಳೆಲ್ಲ ಲಾರಿ ಏರುತ್ತಿದ್ದವು!

"ಯಾರು ಹೇಳಿದರು?"

"ಓವರ್ಸಿಯರ್ ಸಾಹೇಬ್ರ ಹುಕುಂ," ಎಂದ ಲಾರಿಯವನು. "ಸಿಂಧನೂರು ಕಡಿಗೆ."

ಆ ಕಡೆ ಕಾಲುವೆ ನೀರಿಗೆ ಬಂದು ನೆಲೆಸಿದ ದೊಡ್ಡ ದೊಡ್ಡ ಗದ್ದೆಯವರ ಊರುಗಳು, ಕ್ಯಾಂಪುಗಳು, ಇದ್ದವು. 'ದೊಡ್ಡೋರು ಕೇಳ್ಯಾರ, ಇವರು ಕೊಟ್ಟಾರ... ನನ್ನ ಕೂಡ ಆಡಿದ ಮಾತೆಲ್ಲ ಸುಳ್ಳೇನು?'

ಸಂಜೆ ಯಮನೂರಪ್ಪ ಬಂದಾಗ ಅವಳು ಹೊರಗೇ ಬರಲಿಲ್ಲ. "ಅವರ ಮಾರಿ ನೋಡಂಗಿಲ್ಲಂತ ಹೇಳು," ಎಂದು ಮಾಸುಂಬಿಯನ್ನು ಕಳಿಸಿದಳು. ಅವನು ತಿರುಗಿ ಹೋದ. ಕಿಟಕಿಯ ಮರೆಯಲ್ಲಿ ನಿಂತು ನೋಡಿದವಳ ಕಣ್ಣು ತುಂಬಿದವು.

ಎರಡು ದಿನಗಳ ನಂತರ ಜಿಲಾನಿಸಾಬ್ ಮಗಳನ್ನು ಹೆರಿಗೆಗೆ ಕರೆತಂದ. ಗಂಡುಮಗು ಸುಖವಾಗಿ ಹುಟ್ಟಿತು. ಕೂಸನ್ನು ಎತ್ತಿಕೊಂಡ ಅಜ್ಜ ಅಂದ:

"ನಮ್ಮ ಸಾಹೇಬ್ರ ಮ್ಯಾಲ ಸಿಟ್ಟಾಗಬ್ಯಾಡವ್ವಾ. ಕಾಲುವಿ ಸೇತುವಿ ಹತ್ರ ರಸ್ತೆ ಕುಸಿದು, ತುಂಬಿದ ಬಸ್ಸು ವಾಲಿತ್ತು. ಮಂದಿ ಉಳಿದದ್ದೇ ಅಲ್ಲಾನ ದಯಾ! ಮರಂ, ಜಲ್ಲಿ ತುಂಬಿ, ನಿಮ್ಮ ಪೀಪಾಯಿ ಒಯ್ದು ಡಾಂಬರು ಹಾಕಿ ಅದನ್ನ ಗಟ್ಟಿ ಮಾಡಿದರು. ಹೇಳಾಕ ಬಂದ್ರ ನೀವು ಮಾರಿ ತೋರಿಸಲಿಲ್ಲಂತ. ಇವತ್ತು ಲಿಂಗಸುಗೂರಿನ್ಯಾಗ ದೊಡ್ಡ ಎಂಜಿನಿಯರ್ ಸಾಹೇಬ್ರ ಮುಂದ ನಿಂತಾರ, ಮತ್ತ ಡಾಂಬರು ಕೇಳಾಕ."

ಗಾಳೆಮ್ಮ ತಡಮಾಡಲಿಲ್ಲ. ಬಾಣಂತಿಯನ್ನು ಮಾಸುಂಬಿಗೆ ಒಪ್ಪಿಸಿ ಲಿಂಗಸುಗೂರಿನ ಬಸ್ಸು ಹತ್ತಿದಳು.

ಆಫೀಸಿನ ಬಾಗಿಲಲ್ಲೇ ಎಂಜಿನಿಯರರ ಗಡಸು ದನಿ ಕೇಳಿಸಿತು. "ಒಂದೇ ರಸ್ತೆಗೆ ಎರಡು ಅಂದಾಜು? ಮೊದಲನೇದು ತಪ್ಪಾಗಿತ್ತಾ?"

"ಹೌದು ಸರ್. ಸೇತುವೆ ಹತ್ತಿರದ ನೆಲ ಕುಸಿಯೋದನ್ನ ನಾನು ಲೆಕ್ಕ ಹಿಡಿದಿರಲಿಲ್ಲ. ನನಗೇನು ಶಿಕ್ಷೆ ಬೇಕಾದ್ರೂ ಕೊಡಿ. ಆಸ್ಪತ್ರೆ ದಾರಿ ಮಾತ್ರ ಬಿಡಬೇಡಿ."

ಗಾಳೆಮ್ಮ ನೆಟ್ಟಗೆ ಒಳಗೆ ನಡೆದಳು.

"ಸರ್, ನಾ ಆ ಆಸ್ಪತ್ರಿ ನರ್ಸ್. ಮಳಿ ಬಂತಂದ್ರ ಬಂಡಿ ನಮ್ಮ ಬಾಗಿಲಿಗೆ ಮುಟ್ಟಂಗಿಲ್ರಿ. ಹೋದ ವರ್ಷ ಕೆಸರಿನ್ಯಾಗ ಸತ್ತ ಕೂಸನ್ನ ಈ ಕೈಲೇ ಎತ್ತೀನಿ. ಇನ್ನೊಂದು ಎತ್ತಾಕ ನನ್ನ ಕಡಿಂದ ಆಗಂಗಿಲ್ಲ..."

ಎಂಜಿನಿಯರರು ಎರಡನೇ ಅಂದಾಜುಪಟ್ಟಿಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಪೆನ್ನು ತೆಗೆದು ಸಹಿ ಹಾಕಿದರು. "ಮಳೆಗೆ ಮೊದಲು ಮುಗಿಸಬೇಕು, ಯಮನೂರಪ್ಪ."

ಹೊರಗೆ ಬೇವಿನ ನೆರಳಲ್ಲಿ ಇಬ್ಬರೂ ನಿಂತರು.

"ತಪ್ಪಾತ್ರಿ. ಕೇಳದ ನಿಮ್ಮನ್ನ ಅನುಮಾನಿಸಿದೆ," ಎಂದಳು.

"ಪೀಪಾಯಿ ಎತ್ತೂದಕ್ಕಿಂತ ಮೊದಲ ನಾನೂ ಬಂದು ಹೇಳಬೇಕಿತ್ತು. ಆದರ... ನೀವು ಮಾರಿ ನೋಡಂಗಿಲ್ಲ ಅಂದಾಗ, ರಸ್ತೆ ಕುಸಿದಾಗಿನಕಿಂತ ಹೆಚ್ಚು ಅಂಜಿದೆ ನೋಡ್ರಿ."

"ಯಾಕ್ರಿ?"

"ನೀವಿಲ್ಲದ ಆಗಂಗಿಲ್ಲ ನನಗ." ಅವನು ಉಸಿರೆಳೆದುಕೊಂಡ. "ಸಂತೆಕಲ್ಲೂರಿಗೆ ಬಂದು ನಿಮ್ಮಪ್ಪನ್ನ ಕೇಳಲೇನು?"

"ಅಪ್ಪನ್ನ ಆಮ್ಯಾಲ ಕೇಳ್ರಿ. ಮೊದಲ ನನ್ನ ಕೇಳ್ರಿ!"

ಅವನು ನಕ್ಕೇಬಿಟ್ಟ. "ಗಾಳೆಮ್ಮಾ, ನನ್ನ ಮದಿವಿ ಆಗ್ತೀರೇನು?"

"'ಆಗ್ತೀಯೇನು' ಅನ್ರಿ."

"ಆಗ್ತೀಯೇನು?"

"ಹೂಂ ರೀ..."

"ಮತ್ತ ನೀ ಯಾಕ 'ರೀ' ಅಂತೀ?"

"ನಾಲ್ಕು ಮಂದಿ ಮುಂದ ಅಂತೀನಿ," ಎಂದು ಅವಳು ಮೊದಲ ಸಲ ಅವನ ಕೈ ಹಿಡಿದಳು. "ಇಬ್ಬರೇ ಇದ್ದಾಗ... ನೋಡೂಣಂತ, ಯಮನೂರಾ!"