ಗಡಿಗೆ ಬಿಟ್ಟ ಕಂಬಳಿ

"ಮಾವನ ಕಂಬಳ್ಯಾಗ ಮಲಗಾಂವ ನೀ! ಸುಮ್ನ ಅದರಾಗ ಬಿದ್ಕೊಂಡಿರು. ಗಡಿಗೆ ಬಿಟ್ಟ ಕಂಬಳಿ ಮ್ಯಾಲ ಕಣ್ಣು ಹಾಕಿದಿ ಅಂದ್ರ ಮನಿ ಹಾಳಾಗತೈತಿ, ನೋಡ!"

ದುಂಡಸಿಯ ಚಹಾದಂಗಡಿಯ ಮುಂದೆ, ಶಿಗ್ಗಾಂವಿ ಬಸ್ಸಿಗೆ ಕಾದು ನಿಂತ ಹತ್ತು ಮಂದಿಯ ಎದುರಿಗೆ ಗುದ್ಲೆಪ್ಪಗೌಡ ಹೀಗೆ ಅಂದಾಗ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮಾಸೂರಿನಿಂದ ಬಂದು ಹೆಂಡತಿಯ ಮನೆಯಲ್ಲಿ ನಿಂತಿದ್ದ ಉಳಿವೆಪ್ಪನ ಕಿವಿ ಕಾದ ಹಂಚಾಯಿತು.

ಗೌಡನ ಮನೆಗೆ ಚಿಗಟ ಹತ್ತಿ ತಿಂಗಳಾಗಿತ್ತು. ಸರಕಾರದವರು ಬಂದು ಗೋಡೆಗೆ ಡಿಡಿಟಿ ಹೊಡೆದು ಹೋದರು. ಮರುದಿನವೇ, ನಾತ ತಾಳಲಾರದೆ, ಆ ಮನೆಯ ಹೆಂಗಸರು ಗೋಡೆಗೆಲ್ಲ ಸೆಗಣಿ ಬಳಿದರು. ಔಷಧ ಸೆಗಣಿಯ ಕೆಳಗೆ, ಚಿಗಟ ಸೆಗಣಿಯ ಮೇಲೆ! ಆಮೇಲೆ ಗೌಡ ಹಾನಗಲ್ಲ ಕಡೆಯ ಮಂತ್ರವಾದಿಯೊಬ್ಬನನ್ನು ಕರೆಸಿದ. ಅವನು ಹೊಸ ಕಂಬಳಿ ಹಾಸಿ, ಕೋಳಿಯ ರಕ್ತ ಚಿಮುಕಿಸಿ, ಚಿಗಟಗಳನ್ನೆಲ್ಲ ಅದರೊಳಗೆ ಕರೆದು, ಊರ ಗಡಿಗಲ್ಲಿನಾಚೆ ಬಿಟ್ಟು ಬಂದಿದ್ದ. ಆ ಕಂಬಳಿ ಎತ್ತಿದವನ ಮನೆಗೆ ಚಿಗಟದ ಕಾಟ ಹೋಗುತ್ತದಂತೆ.

ಸೆಗಣಿ ತುಂಬಿದ ತಲೆಗಳು! ಉಳಿವೆಪ್ಪ ನೆಟ್ಟಗೆ ಗಡಿಗೆ ಹೋದ. ಅವನ ಎರಡು ತಿಂಗಳ ಮಗಳು ಕೂಡ ಮಾವನ ಹರಕು ಕಂಬಳಿಯಲ್ಲೇ ಮಲಗುತ್ತಿತ್ತು. ಇನ್ನು ಸಾಕು. ಕಂಬಳಿಯ ಮೇಲಿಟ್ಟಿದ್ದ, ಕುಂಕುಮ ಮೆತ್ತಿದ ನಿಂಬೆಹಣ್ಣನ್ನು ಒದ್ದ. ಕಂಬಳಿಯನ್ನು ಹೆಗಲಿಗೇರಿಸಿ ಗೌಡನ ಮುಂದೆಯೇ ಹಾದು ಬಂದ. ಈ ಸಲ ಯಾರೂ ನಗಲಿಲ್ಲ.

"ಅದನ್ನ ಒಳಗ ತರಬ್ಯಾಡ್ರಿ," ಹೆಂಡತಿ ಮಾದೇವಿ ಬಾಗಿಲಿಗೆ ಅಡ್ಡ ನಿಂತಳು.

"ನೀನೂ ಆ ಹುಚ್ಚರ ಪೈಕಿನ? ಸರಿ ಅತ್ತಾಗ."

ಹಂಡೆಯಲ್ಲಿ ಸೋಡಾ ಹಾಕಿ ಕುದಿಸಿದ. ಮೂರು ದಿನ ಬಿಸಿಲಿಗೆ ಒಣಗಿಸಿದ. ಒಂದು ಚಿಗಟವೂ ಇರಲಿಲ್ಲ. ಮಗಳನ್ನು ಅದರಲ್ಲೇ ಸುತ್ತಿ ಮಲಗಿಸಿದ.

ಮರುದಿನ ಕೂಸಿನ ಮೈತುಂಬ ಕೆಂಪು ಚುಕ್ಕೆ. ಎರಡನೆಯ ದಿನ ಹಗಲಲ್ಲೂ ಕತ್ತಲಾಗಿರುವ ಒಳಕೋಣೆಯಿಂದ ಬಾಣಲೆಯಲ್ಲಿ ಸಾಸಿವೆ ಸಿಡಿದಂಥ ಸದ್ದು. ಚಿಟಿಚಿಟಿ. ಚಿಟಿಚಿಟಿ. ಎಲ್ಲೆಲ್ಲೂ ಹಸಿ ರಕ್ತದ ವಾಸನೆ. ಉಳಿವೆಪ್ಪ ಬೇವಿನ ಹೊಗೆ ಹಾಕಿದ, ತಂಬಾಕಿನ ನೀರು ಚೆಲ್ಲಿದ. ಕಡೆಗೆ ಕಂಬಳಿಯನ್ನೇ ಅಂಗಳದಲ್ಲಿ ಸುಟ್ಟ. ಸದ್ದು ಇಮ್ಮಡಿಯಾಯಿತು. ಕೂಸಿನ ತುಟಿ ಬೆಳ್ಳಗಾದವು. ಅಳಲಿಕ್ಕೂ ಅದಕ್ಕೆ ತ್ರಾಣವಿರಲಿಲ್ಲ.

ಅತ್ತೆ ಅನ್ನವ್ವ ಕಂಬದ ಮರೆಯಲ್ಲಿ ನಿಂತು ಮೆಲ್ಲಗೆ ಕೇಳಿದಳು: "ಅಳಿಯಂದ್ರ, ನಿಮಗ ಒಂದರ ಕಡದೈತೇನ್ರಿ?"

ಉಳಿವೆಪ್ಪ ಕೈಕಾಲು ನೋಡಿಕೊಂಡ. ಒಂದೂ ಕಡಿದಿರಲಿಲ್ಲ.

"ನೀವು ಹೊಲಕ್ಕ ಹ್ವಾದಾಗ ಕೂಸು ಮಲಗತೈತ್ರಿ. ತಿರುಗಿ ಬಂದ್ರ ನರಳತೈತಿ."

ಉಳಿವೆಪ್ಪ ಅಂಗಿ ಕಳಚಿದ. ಅನ್ನವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಉಳಿವೆಪ್ಪ ಬೆನ್ನಿಗೆ ಕೈ ಹಾಕಿದ. ಚರ್ಮ ಸಿಗಲಿಲ್ಲ. ಉಣ್ಣೆ ಸಿಕ್ಕಿತು. ಬೆಚ್ಚಗಿನ ಉಣ್ಣೆ. ಅದು ಮಿಸುಕಿತು.

"ಕಂಬಳಿ ಸುಟ್ರಿ. ಈಗ ಕಂಬಳಿ ನೀವ," ಅಂದಳು. "ಗಡಿ ದಾಟ್ರಿ, ನಿಮ್ಮ ಕಾಲಿಗೆ ಬೀಳ್ತೇನಿ. ಯಾರರ ಕರದ್ರ ಓ ಅನಬ್ಯಾಡ್ರಿ. ಓ ಅಂದ್ರ ಅವು ತಿರುಗಿ ಕೂಸಿನ ಕಡೇನ ಬರ್ತಾವು."

ಉರಿಬಿಸಿಲು. ಉಳಿವೆಪ್ಪ ಓಣಿ ದಾಟಿದ. ಚಹಾದಂಗಡಿ ದಾಟಿದ. ಹಿಂದಿನಿಂದ, ತಾಯಿ ಹೇಳಿದ್ದೇನೆಂದು ಅರಿಯದ ಮಾದೇವಿ ಕೂಸನ್ನೆತ್ತಿಕೊಂಡು ಓಡಿ ಬಂದಳು.

"ಏನ್ರೀ, ನಿಂದರ್ರಿ! ಕೂಸು ಹಾಲು ಕುಡೀತ್ರಿ! ಕೇಳಾಕತ್ತೈತಿಲ್ರಿ?"

"ಸೊಕ್ಕು ನೋಡ್ರಲೇ ಮಗಂದು!" ಗುದ್ಲೆಪ್ಪಗೌಡ ಮಂದಿಗೆಲ್ಲ ಕೇಳುವಂತೆ ಉಗಿದ. "ಹೇಣ್ತಿ ಬಾಯಿ ಬಾಯಿ ಬಡ್ಕೊಂಡ್ರೂ ಓ ಅನ್ನಂಗಿಲ್ಲ. ಇಂಥಾಂವ ಗಂಡಸೇನಲೇ?"

ಉಳಿವೆಪ್ಪ ನಾಲಗೆ ಕಚ್ಚಿದ. ಬಾಯೊಳಗೆ ಉಪ್ಪುಪ್ಪು. ಬೆನ್ನ ಮೇಲಿನದು ಕಿವಿ ನಿಮಿರಿಸಿದಂತೆ ಸ್ತಬ್ಧವಾಯಿತು, ಕಾಯಿತು.

ಮಾದೇವಿ ಮತ್ತೊಮ್ಮೆ ಕರೆದಳು. ಅವನು ಗಡಿಗಲ್ಲು ದಾಟಿ, ತಡಸದ ಹಾದಿ ಹಿಡಿದು ನಡೆಯುತ್ತಲೇ ಹೋದ.